ಲೋಟದ ಮೇಲಿನ ಹೆಸರು

ಹೆಮ್ಮರಗಾಲದಲ್ಲಿ ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಆರು ಗಾಜಿನ ಲೋಟಗಳಿದ್ದವು. ಅಂಚಿಗೆ ಚಿನ್ನದ ಗೆರೆ, ಮೈಮೇಲೆ ಹೂಬಳ್ಳಿ. ಮೆಹಮಾನರು ಬಂದಾಗ ಮಾತ್ರ ಅಮ್ಮಿ ಅವನ್ನು ಕಪಾಟಿನಿಂದ ಇಳಿಸುತ್ತಿದ್ದರು. ಹಾಗಾಗಿ, ಸಹಪಾಠಿಯೊಬ್ಬನ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟು ನನಗೊಬ್ಬನಿಗೇ ಗಾಜಿನ ಲೋಟ ಕೊಟ್ಟಾಗ ಹಿಗ್ಗಿದೆ. ಕುಡಿದಾದ ಮೇಲೆ ‘ತೊಳೆದು ಆ ಕಿಟಕೀಲಿ ಬೋರಲು ಹಾಕಪ್ಪ’ ಅಂದರು. ಅದು ಮರ್ಯಾದೆಯಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಅಮೆರಿಕದ ಹಳೆಯ ಗಾಜಿನ ಪಾನಪಾತ್ರೆಗಳ ಚಿತ್ರಗಳನ್ನು ನೋಡುವಾಗ ಆ ಕಿಟಕಿ ನೆನಪಾಯಿತು. 1784ರಲ್ಲಿ ಜರ್ಮನಿಯ ಬ್ರೆಮೆನ್‌ನಿಂದ ಬಂದ ಜಾನ್ ಫ್ರೆಡರಿಕ್ ಅಮೆಲುಂಗ್ ಮೇರಿಲ್ಯಾಂಡಿನಲ್ಲಿ ‘ನ್ಯೂ ಬ್ರೆಮೆನ್’ ಎಂಬ ಗಾಜಿನ ಕಾರ್ಖಾನೆ ತೆರೆದ. 1795ರ ಹೊತ್ತಿಗೆ ಅದು ಮುಚ್ಚಿತು. ತಿರುಗುವ ತಾಮ್ರದ ಚಕ್ರಕ್ಕೆ ಎಣ್ಣೆ ಮತ್ತು ಸಾಣೆಪುಡಿ ಹಚ್ಚಿ, ಗಾಜಿನ ಮೇಲೆ ಹೂಮಾಲೆ, ಇಸವಿ, ಹೆಸರು ಕೊರೆಯುವುದು ಅಲ್ಲಿನ ಹೆಚ್ಚುಗಾರಿಕೆ. 1788ರ ಅವನದೊಂದು ಮುಚ್ಚಳದ ಬಟ್ಟಲು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲೆ ಹಳೆಯ ಬ್ರೆಮೆನ್‌ಗೂ ಹೊಸದಕ್ಕೂ ಶುಭ ಕೋರುವ ಮಾತಿದೆ. 1808ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಆರಂಭವಾದ ಬೇಕ್‌ವೆಲ್ ಕಾರ್ಖಾನೆ ಗಾಜನ್ನು ಆಳವಾಗಿ ಕಡೆದು ಹೊಳಪಿಸುವುದಕ್ಕೆ ಹೆಸರಾಯಿತು. ಅಧ್ಯಕ್ಷರ ಮೇಜಿಗೂ ಅದರ ಲೋಟಗಳು ಹೋದವು.

ಕುಶಲತೆಯನ್ನು ಮೆಚ್ಚಲೇಬೇಕು. ಆದರೆ ವಿಮರ್ಶೆ ಹೊಳಪಿನ ಬಳಿಯೇ ನಿಲ್ಲಬಾರದು. ಮೇರಿಲ್ಯಾಂಡಿನಲ್ಲಿ 1864ರ ತನಕ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಲೋಟದ ಮೇಲೆ ಯಜಮಾನನ ಹೆಸರಿದೆ. ಅದನ್ನು ತೊಳೆದ ಕೈಗಳ ಹೆಸರು ಎಲ್ಲಿ?

ಅದೇ ಕಾಲದಲ್ಲಿ, 1782ರಿಂದ 1799ರವರೆಗೆ, ಇಲ್ಲಿ ಟಿಪ್ಪು ಸುಲ್ತಾನರ ಆಳ್ವಿಕೆ. ನಮ್ಮ ನಂಜನಗೂಡು ತಾಲ್ಲೂಕಿನದೇ ಆದ ಕಳಲೆಯ ಲಕ್ಷ್ಮೀಕಾಂತ ದೇವಾಲಯದ ನಾಲ್ಕು ಬೆಳ್ಳಿ ಬಟ್ಟಲುಗಳ ಮೇಲೆ, ಅವು ಸುಲ್ತಾನರ ಕೊಡುಗೆ ಎಂದು ಕೊರೆಯಲಾಗಿದೆ. ಕಲೆಗಾರಿಕೆಯಲ್ಲಿ ಅಮೆಲುಂಗನ ಬಟ್ಟಲೇ ಮೇಲಿರಬಹುದು. ಆದರೆ ಕಳಲೆಯ ಬಟ್ಟಲಿನ ಮೇಲಿರುವ ಹೆಸರು ಕುಡಿಯುವವನದಲ್ಲ, ಕೊಟ್ಟವನದು. ಬೇರೆ ಧರ್ಮದವನ ಕೈಯಿಂದ ಬಂದ ಪಾತ್ರೆ ಗುಡಿಯೊಳಗೆ ಸಂದಿತು. ಇದನ್ನು ನಾವು ಸುಲ್ತಾನರ ಪರವಾದ ಸಾಕ್ಷಿಯೆಂದು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಸ್ವೀಕರಿಸಿದವರ ದೊಡ್ಡತನವನ್ನೂ ಅಷ್ಟೇ ಜೋರಾಗಿ ಹೇಳಬೇಕಿತ್ತು.

ಉರ್ದು ಶಾಲೆಯಲ್ಲಿ ನನಗೆ ಜಾಮ್, ಸಾಗರ್, ಪೈಮಾನಾ ಎಂದು ಬಟ್ಟಲಿಗೆ ಹತ್ತಾರು ಹೆಸರು ಕಲಿಸಿದರು. ಕಿಟಕಿಯಲ್ಲಿ ಬೋರಲು ಬಿದ್ದಿರುವ ಲೋಟಕ್ಕೆ ಯಾವ ಭಾಷೆಯಲ್ಲೂ ಹೆಸರು ಹೇಳಿಕೊಡಲಿಲ್ಲ.

ಇಷ್ಟು ಬರೆದು ಚಹಾಕ್ಕೆಂದು ಅಡುಗೆಮನೆಗೆ ಹೋದೆ. ಸಿಂಕಿನ ಪಕ್ಕದ ಕಿಟಕಿಯಲ್ಲಿ ಒಂದು ಹಳೆಯ ಗಾಜಿನ ಲೋಟ ಬೋರಲಾಗಿತ್ತು. ಪಾತ್ರೆ ತೊಳೆಯಲು ಬರುವ ಹೆಂಗಸಿನದು. ಹೆಂಡತಿಯನ್ನು ಕೇಳಿದೆ. ‘ಮೊದಲಿಂದ ಹಂಗೇ ಇದೆಯಲ್ಲ, ನೀವು ನೋಡಿರಲಿಲ್ವಾ?’ ಅಂದಳು.

ನೋಡಿರಲಿಲ್ಲ. ಆ ಹೆಂಗಸು ನಾಳೆ ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ. ಕಪಾಟಿನ ಲೋಟಗಳನ್ನು ಇಳಿಸಿ ಇಟ್ಟಿದ್ದೇನೆ.