ಹೊಲದ ಹಾದಿಗೂ ಒಂದು ಕಾಲಂ ಬೇಕು

ದುಡಿಯುವ ಜಾಗ ಮನೆಯಿಂದ ಎಷ್ಟು ದೂರ, ಹೋಗುವುದು ಯಾವುದರಲ್ಲಿ? 2011ರ ಜನಗಣತಿ ಈ ಎರಡು ಪ್ರಶ್ನೆಗಳನ್ನು ಹಳ್ಳಿಹಳ್ಳಿಗೂ ಒಯ್ದಿತು. ಕಾಲ್ನಡಿಗೆಗೂ ಸೈಕಲ್ಲಿಗೂ ಕಾರಿನ ಪಕ್ಕದಲ್ಲೇ ಜಾಗ ಕೊಟ್ಟಿತು. ಇದು ಅದರ ದೊಡ್ಡ ಗುಣ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದರ ಕೊರತೆ ಎದ್ದು ಕಾಣುತ್ತದೆ.

ಆ ಪ್ರಶ್ನೆಗಳು ‘ಇತರೆ ಕೆಲಸಗಾರ’ರಿಗೆ ಮಾತ್ರ ಇದ್ದವು. ಸಾಗುವಳಿದಾರರನ್ನೂ ಕೃಷಿ ಕೂಲಿಗಳನ್ನೂ ಕೇಳಲಿಲ್ಲ. ಜೋಳ, ತೊಗರಿ, ಲಿಂಬೆ ನಂಬಿದ ಈ ನೆಲದಲ್ಲಿ ಅವರನ್ನು ಬಿಟ್ಟರೆ ಊರಿನ ಓಡಾಟವನ್ನೇ ಬಿಟ್ಟಂತೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಟಂಟಂನಲ್ಲಿ ಪಕ್ಕದೂರಿನ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಆ ಕೋಷ್ಟಕದಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಕಬ್ಬು ಕಡಿಯಲು ಗುಳೆ ಹೋದವರು ಇನ್ನೂ ಊರಿಗೆ ಮರಳದ ಕಾಲ ಅದು.

ಇನ್ನೊಂದು ತೊಡಕು, ಒಬ್ಬರಿಗೆ ಒಂದೇ ಸಾಧನ ಬರೆದುಕೊಳ್ಳುವ ಪದ್ಧತಿ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ರೈಲು ನಿಲ್ದಾಣಗಳು ಆ ಊರುಗಳ ಹೆಸರು ಹೊತ್ತಿದ್ದರೂ ಇರುವುದು ಊರಿನಿಂದ ದೂರ. ಸೊಲ್ಲಾಪುರದ ಗಾಡಿ ಹಿಡಿಯುವವರು ಮೊದಲು ಮತ್ತೊಂದು ವಾಹನ ಹತ್ತಲೇಬೇಕು. ಪಟ್ಟಿಯಲ್ಲಿ ‘ರೈಲು’ ಎಂದು ಬರೆದರೆ, ನಿಜವಾದ ಕಷ್ಟವಿರುವ ಆ ಮೊದಲ ತುಂಡು ಅಳಿಸಿಹೋಗುತ್ತದೆ.

ಬಸ್ಸಿನ ಟಿಕೆಟ್ ಯಂತ್ರ ಈ ಕೊರತೆಯನ್ನು ತುಂಬಿಕೊಡಲಾರದು. 2023ರ ಜೂನ್ 11ರಂದು ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಶೂನ್ಯ ಟಿಕೆಟ್‌ಗಳಿಂದ ಹೆಣ್ಣುಮಕ್ಕಳ ಬಸ್ ಪ್ರಯಾಣ ಲೆಕ್ಕಕ್ಕೆ ಸಿಕ್ಕಿದೆ, ನಿಜ. ಆದರೆ ಅದು ಬಸ್ಸು ಹತ್ತಿದವರ ಲೆಕ್ಕ. ಬಸ್ಸು ಬಾರದೆ ಮನೆಗೆ ಹಿಂದಿರುಗಿದವರ ಲೆಕ್ಕವಲ್ಲ.

ಹಾಗಾದರೆ ಕೇಳುವುದು ಹೇಗೆ? ‘ನಿನ್ನೆ ಪ್ರಯಾಣ ಮಾಡಿದ್ರೇನು?’ ಎಂದರೆ ‘ಎಲ್ಲೂ ಹೋಗಿಲ್ರಿ’ ಎಂಬ ಉತ್ತರ ಬರುತ್ತದೆ. ಹೊಲ, ಗಿರಣಿ, ದವಾಖಾನೆಗೆ ಹೋಗಿ ಬಂದದ್ದನ್ನು ಯಾರೂ ಪ್ರಯಾಣ ಎನ್ನುವುದಿಲ್ಲ. ‘ಮುಂಜಾನೆ ಎದ್ದ ಮ್ಯಾಲೆ ಮೊದಲ ಎಲ್ಲಿಗೆ ಹೋದ್ರಿ? ಅಲ್ಲಿಂದ?’ ಎಂದು ದಿನವನ್ನೇ ಬಿಚ್ಚಿಸಬೇಕು. 2019ರ ಸಮಯ ಬಳಕೆ ಸಮೀಕ್ಷೆ 6 ವರ್ಷ ದಾಟಿದವರ ಇಡೀ ದಿನವನ್ನು, ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಹೀಗೆಯೇ ಬಿಡಿಸಿ ಕೇಳಿತು. ಅದಕ್ಕೆ ದೂರ ಮತ್ತು ವಾಹನದ ಪ್ರಶ್ನೆ ಸೇರಿಸಿದರೆ ನಮಗೆ ಬೇಕಾದ ಮಾದರಿ ಸಿಗುತ್ತದೆ. ಒಂದು ದಿನವೂ ಸಾಲದು. ಇಂಗ್ಲೆಂಡಿನ ರಾಷ್ಟ್ರೀಯ ಪ್ರಯಾಣ ಸಮೀಕ್ಷೆ 7 ದಿನಗಳ ದಿನಚರಿ ಬರೆಸುತ್ತದೆ. ವಾರದ ಸಂತೆಯ ಸುತ್ತ ಬದುಕು ಹೆಣೆದ ನಮ್ಮ ಸೀಮೆಗೆ ಆ ಕ್ರಮ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಸುಗ್ಗಿಯಲ್ಲೊಮ್ಮೆ, ಮುಂಗಾರಿನಲ್ಲೊಮ್ಮೆ ಕೇಳಿದರೆ ಗುಳೆಯೂ ಕಾಣುತ್ತದೆ.

ಯಾವ ರಸ್ತೆಗೆ ಡಾಂಬರು, ಯಾವ ಊರಿಗೆ ಬಸ್ಸು ಎಂಬುದನ್ನು ನಿರ್ಧರಿಸುವವರ ಮೇಜಿನ ಮೇಲೆ ಇರುವುದು ಇಂಥ ಅಂಕಿಗಳೇ. ಹೊಲಕ್ಕೆ ನಡೆಯುವವರನ್ನು ಕೇಳದ ಸಮೀಕ್ಷೆ ಅವರಿಗೆ ದಾರಿಯೇ ಬೇಕಿಲ್ಲ ಎಂದು ಹೇಳಿದಂತೆ. ಮೊದಲು ಅವರನ್ನು ಕೇಳಬೇಕು.