ಡೆರಿಯ ಹುಡುಗರ ಅರ್ಧ ಗಂಟೆ: ದಿ ಅಂಡರ್‌ಟೋನ್ಸ್ ತಂಡದ ಮೊದಲ ಆಲ್ಬಮ್

ಉತ್ತರ ಐರ್ಲೆಂಡಿನ ಡೆರಿ ನಗರದ ಐವರು ತರುಣರು ಕಟ್ಟಿದ ದಿ ಅಂಡರ್‌ಟೋನ್ಸ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ 1979ರ ಮೇ ತಿಂಗಳಲ್ಲಿ ತಂಡದ ಹೆಸರನ್ನೇ ಹೊತ್ತು ಹೊರಬಂದಿತು. ಹಾಡುಗಾರ ಫರ್ಗಲ್ ಶಾರ್ಕಿ, ಗಿಟಾರ್ ನುಡಿಸುವ ಸಹೋದರರಾದ ಜಾನ್ ಓನೀಲ್ ಮತ್ತು ಡೇಮಿಯನ್ ಓನೀಲ್, ಬೇಸ್ ಗಿಟಾರಿನ ಮೈಕೆಲ್ ಬ್ರಾಡ್ಲಿ, ಡ್ರಮ್ಸ್ ನುಡಿಸುವ ಬಿಲ್ಲಿ ಡೊಹರ್ಟಿ, ಈ ಐವರೂ ಆಗ 18ರಿಂದ 21 ವರ್ಷದೊಳಗಿನವರು. ಸುಮಾರು ಅರ್ಧ ಗಂಟೆಯಲ್ಲಿ ಮುಗಿದುಹೋಗುವ ಈ ಆಲ್ಬಮ್ಮಿನ ಹಾಡುಗಳಲ್ಲಿ ಬರುವುದು ಹುಡುಗಿಯರು, ಬೇಸಿಗೆಯ ದಿನಗಳು, ಗೆಳೆಯರ ಗುಂಪು ಮತ್ತು ಹದಿಹರೆಯದ ಅವಮಾನಗಳು. ತಂಡದವರು ಬೆಳೆದ ಬೀದಿಗಳಲ್ಲಿ ದಿನವೂ ಕಾಣುತ್ತಿದ್ದ ಸೈನಿಕರಾಗಲಿ, ಬಾಂಬುಗಳಾಗಲಿ, ತಪಾಸಣೆಯ ಬೇಲಿಗಳಾಗಲಿ ಎಲ್ಲಿಯೂ ನೇರವಾಗಿ ಪ್ರಸ್ತಾಪವಾಗುವುದಿಲ್ಲ. ಆಲ್ಬಮ್ ಬಂದ ಕಾಲದಿಂದಲೂ ಈ ಮೌನವನ್ನು ಕೆಲವರು ಪಲಾಯನವೆಂದು ಕರೆದಿದ್ದಾರೆ, ಕೆಲವರು ಮುಗ್ಧತೆಯೆಂದು ಮೆಚ್ಚಿಕೊಂಡಿದ್ದಾರೆ. ಎರಡು ತೀರ್ಮಾನಗಳೂ ಹಾಡಿನ ಪದಗಳನ್ನು ಮಾತ್ರ ಓದಿ ಹುಟ್ಟಿದವು. ಆಶಯವನ್ನು ಪದಗಳಲ್ಲಿ ಹುಡುಕುವವರಿಗೆ ಈ ಆಲ್ಬಮ್ ಚಿಕ್ಕದಾಗಿಯೇ ಕಾಣುತ್ತದೆ. ಅದರ ಆಕೃತಿಯನ್ನು, ಎಂದರೆ ಲಯದ ಅವಸರವನ್ನು, ಕೊರಳಿನ ನಡುಕವನ್ನು, ಹಾಡು ಥಟ್ಟನೆ ನಿಲ್ಲುವ ಬಗೆಯನ್ನು ಕಿವಿಗೊಟ್ಟು ಕೇಳಿದವರಿಗೆ, ಆ ನಗರದಲ್ಲಿ ಆ ವಯಸ್ಸಿನಲ್ಲಿ ಬದುಕುವುದೆಂದರೆ ಏನಾಗಿತ್ತೆಂಬುದು ಬೇರೆ ಯಾವ ದಾಖಲೆಗಿಂತಲೂ ಹತ್ತಿರದಿಂದ ತಿಳಿಯುತ್ತದೆ.

ಈ ತಂಡ ನುಡಿಸಿದ ಪಂಕ್ ಎನ್ನುವುದು 1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನುಗಳಲ್ಲಿ ರೂಪುಗೊಂಡ ರಾಕ್ ಸಂಗೀತದ ಒಂದು ಪ್ರಕಾರ. ಮೂರೋ ನಾಲ್ಕೋ ಸ್ವರಮೇಳಗಳು, ಎರಡು ಮೂರು ನಿಮಿಷದ ಅವಧಿ, ವಾದ್ಯಪಾಂಡಿತ್ಯದ ಪ್ರದರ್ಶನಕ್ಕೆ ಅವಕಾಶವಿಲ್ಲದ ಬಿರುಸಿನ ನಡೆ, ಕಲಿತವರು ಮಾತ್ರ ನುಡಿಸಬೇಕೆಂಬ ನಿಯಮದ ನಿರಾಕರಣೆ, ಇವು ಅದರ ಮುಖ್ಯ ಲಕ್ಷಣಗಳು. ಡೆರಿಯ ಹುಡುಗರಿಗೆ ಇದು ತಲುಪಿದ್ದು ಬಹುಪಾಲು ಧ್ವನಿಮುದ್ರಿಕೆಗಳ ಮೂಲಕ. ನ್ಯೂಯಾರ್ಕಿನ ರಮೋನ್ಸ್ ತಂಡ 1976ರಲ್ಲಿ ತಂದ ಮೊದಲ ಆಲ್ಬಮ್ಮು, 1960ರ ದಶಕದ ಅಮೆರಿಕದ ಹವ್ಯಾಸಿ ತಂಡಗಳ ಹಾಡುಗಳನ್ನು ಲೆನ್ನಿ ಕೇ ಸಂಕಲಿಸಿದ್ದ ‘ನಗೆಟ್ಸ್’ ಎಂಬ 1972ರ ಸಂಗ್ರಹ ಇವರ ಪಾಠಪುಸ್ತಕಗಳಾದವು. ಹೊರಗಿನ ತಂಡಗಳು ಉತ್ತರ ಐರ್ಲೆಂಡಿಗೆ ಬರಲು ಹೆದರುತ್ತಿದ್ದ ಕಾಲ ಅದು. 1975ರ ಜುಲೈ 31ರಂದು ಮಯಾಮಿ ಷೋಬ್ಯಾಂಡ್ ಎಂಬ ಜನಪ್ರಿಯ ನೃತ್ಯಸಂಗೀತ ತಂಡದ ವಾಹನವನ್ನು ರಸ್ತೆಯಲ್ಲಿ ತಡೆದ ಸಶಸ್ತ್ರ ಗುಂಪು ಮೂವರು ಸಂಗೀತಗಾರರನ್ನು ಕೊಂದ ಮೇಲೆ ಆ ಹೆದರಿಕೆಗೆ ಯಾರೂ ಕಾರಣ ಹೇಳಬೇಕಾಗಿರಲಿಲ್ಲ. ಸಂಗೀತ ಬೇಕೆಂದರೆ ಊರಿನವರೇ ನುಡಿಸಬೇಕಾಗಿದ್ದ ಇಂಥ ಸ್ಥಿತಿಯಲ್ಲಿ ತಂಡವು ಓನೀಲ್ ಸಹೋದರರ ಮನೆಯಲ್ಲಿ ಅಭ್ಯಾಸ ಮಾಡಿ, ಡೆರಿಯ ಕ್ಯಾಸ್ಬಾ ಎಂಬ ಪಬ್ಬಿನಲ್ಲಿ ತನ್ನ ಹಾಡುಗಳನ್ನು ಹದಗೊಳಿಸಿಕೊಂಡಿತು.

ಡೆರಿಯೆಂದರೆ 1969ರ ಆಗಸ್ಟಿನಲ್ಲಿ ಬಾಗ್‌ಸೈಡ್ ಬಡಾವಣೆಯ ಕ್ಯಾಥಲಿಕ್ ನಿವಾಸಿಗಳೂ ಪೊಲೀಸರೂ ದಿನಗಟ್ಟಲೆ ಕಾದಾಡಿದ, ಅದರ ಬೆನ್ನಿಗೇ ಬ್ರಿಟಿಷ್ ಸೈನ್ಯ ಬಂದು ಬೀಡುಬಿಟ್ಟ, 1972ರ ಜನವರಿ 30ರಂದು ಅದೇ ಸೈನ್ಯ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಅದೇ ದಿನ ಕೊಂದ ನಗರ. ಇಂಥ ಊರಿನಿಂದ ಬಂದ ತಂಡ ರಕ್ತದ ಬಗ್ಗೆ ಹಾಡಬೇಕೆಂದು ಲಂಡನ್ನಿನ ಕೇಳುಗರು ನಿರೀಕ್ಷಿಸಿದ್ದು ಸಹಜವೇ. ಆ ನಿರೀಕ್ಷೆಯನ್ನು ಪೂರೈಸಿದ ತಂಡವೊಂದು ಬೆಲ್‌ಫಾಸ್ಟಿನಲ್ಲಿ ಇತ್ತು. ಸ್ಟಿಫ್ ಲಿಟಲ್ ಫಿಂಗರ್ಸ್ ತಂಡ 1979ರ ಫೆಬ್ರವರಿಯಲ್ಲಿ ತಂದ ‘ಇನ್‌ಫ್ಲೇಮಬಲ್ ಮಟೀರಿಯಲ್’ ಆಲ್ಬಮ್ಮಿನ ಹಲವು ಹಾಡುಗಳು ಉತ್ತರ ಐರ್ಲೆಂಡಿನ ಈ ಸಂಘರ್ಷವನ್ನು ನೇರವಾಗಿ ಎದುರಿಸುತ್ತವೆ. ಅವುಗಳ ರಚನೆಯಲ್ಲಿ ಗಾರ್ಡನ್ ಓಗಿಲ್ವಿ ಎಂಬ ಪತ್ರಕರ್ತರೂ ಪಾಲುಗೊಂಡಿದ್ದರು. ಬ್ರಿಟಿಷ್ ಆಲ್ಬಮ್ ಪಟ್ಟಿಯಲ್ಲಿ ಆ ಕೃತಿ 14ನೆಯ ಸ್ಥಾನಕ್ಕೂ ಅಂಡರ್‌ಟೋನ್ಸ್‌ನ ಕೃತಿ 13ನೆಯ ಸ್ಥಾನಕ್ಕೂ ಏರಿದವು ಎಂಬುದನ್ನು ನೋಡಿದರೆ, ಅಂದಿನ ಕೇಳುಗರು ಎರಡು ದಾರಿಗಳನ್ನೂ ಒಟ್ಟಿಗೆ ಸ್ವೀಕರಿಸಿದ್ದರೆಂದು ಹೇಳಬಹುದು. ಬೆಲ್‌ಫಾಸ್ಟಿನ ಆಲ್ಬಮ್ಮಿನ ಧೈರ್ಯ ನಿಜವಾದದ್ದು, ಅದರ ಸಿಟ್ಟು ಪ್ರಾಮಾಣಿಕವಾದದ್ದು. ಆದರೂ ಅದರ ಕೆಲವು ಕಡೆ ಹಾಡು ಸುದ್ದಿಯ ಭಾಷೆಯನ್ನು ಎರವಲು ಪಡೆದು, ಕೇಳುಗನು ಮೊದಲೇ ಒಪ್ಪಿಕೊಂಡಿರುವ ಮಾತನ್ನು ಗಟ್ಟಿಯಾಗಿ ಹೇಳುವುದರಲ್ಲಿ ತೃಪ್ತಿಪಡುತ್ತದೆ. ಡೆರಿಯ ತಂಡಕ್ಕೆ ಈ ತೊಡಕಿಲ್ಲ. ತನ್ನ ಊರನ್ನು ಹೊರಗಿನವರಿಗೆ ವಿವರಿಸುವ ಹೊಣೆಯನ್ನೇ ಅದು ಹೊತ್ತುಕೊಳ್ಳುವುದಿಲ್ಲ. ಬ್ರಿಟನ್ನಿನ ಯಾವ ಪಟ್ಟಣದ ಹುಡುಗನಿಗೂ ಸಹಜವಾಗಿ ದಕ್ಕಿದ ನಿರಾಳವಾದ ಹರೆಯ ತಮಗೂ ಸಲ್ಲಬೇಕೆಂಬ ಹಕ್ಕೊತ್ತಾಯ ಅದರ ಪ್ರತಿ ಹಾಡಿನ ಬುಡದಲ್ಲಿದೆ.

ಈ ಹಕ್ಕೊತ್ತಾಯ ಕೇಳಿಸುವುದು ಮುಖ್ಯವಾಗಿ ಲಯದಲ್ಲಿ. ‘ಹಿಯರ್ ಕಮ್ಸ್ ದ ಸಮ್ಮರ್’ ಹಾಡು ಎರಡು ನಿಮಿಷವನ್ನೂ ತಲುಪುವುದಿಲ್ಲ. ಅಷ್ಟರಲ್ಲಿ ಅದು ಎರಡು ಗಿಟಾರುಗಳ ಒತ್ತಾದ ಹೊಡೆತ, ಅದರ ಮೇಲೆ ತೇಲುವ ಆರ್ಗನ್ನಿನ ನಾದ ಮತ್ತು ಹಿನ್ನೆಲೆಯ ಗುಂಪುಕೂಗುಗಳೊಂದಿಗೆ ಬೇಸಿಗೆ ಬಂತೆಂಬ ಒಂದೇ ಸಂಗತಿಯನ್ನು ಸಾರಿ ನಿಂತುಬಿಡುತ್ತದೆ. ಮಳೆ ಮತ್ತು ಮೋಡದ ಆ ಪ್ರದೇಶದಲ್ಲಿ ಬೇಸಿಗೆ ಎನ್ನುವುದು ಕೆಲವೇ ವಾರಗಳ ಬಾಳು, ಮತ್ತು ಹಾಡಿನ ಅವಸರ ಅದನ್ನು ಬಲ್ಲದು. ಇಲ್ಲಿ ಗಿಟಾರ್ ಏಕವಾದನದ ದೀರ್ಘ ವಿಸ್ತಾರಗಳಿಲ್ಲ. ಡೇಮಿಯನ್ ಓನೀಲ್ ನುಡಿಸುವ ಚಿಕ್ಕ ರಿಫ್‌ಗಳು, ಅಂದರೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಗಿಟಾರಿನ ಸ್ವರಗುಚ್ಛಗಳು, ಚರಣಕ್ಕೂ ಪಲ್ಲವಿಗೂ ನಡುವೆ ಒಂದು ಉಸಿರಿನಷ್ಟು ಜಾಗ ಸಿಕ್ಕರೆ ಅಷ್ಟರಲ್ಲೇ ನುಸುಳಿ ಹೊರಬೀಳುತ್ತವೆ. ಜಾನ್ ಓನೀಲ್ ಈ ತಂಡದ ಪ್ರಧಾನ ರಚನಕಾರ. ಸರಳ ಸ್ವರಮೇಳಗಳ ಮೇಲೆ ಒಮ್ಮೆ ಕೇಳಿದರೆ ನಾಲಿಗೆಯಲ್ಲಿ ಉಳಿಯುವ ಧಾಟಿ ಕೂರಿಸುವ ಅವರ ಕೌಶಲಕ್ಕೆ ಪಂಕ್‌ಗಿಂತ ಹಳೆಯ ಬೇರುಗಳಿವೆ. 1960ರ ದಶಕದ ಪಾಪ್ ಹಾಡುಗಳ ಅಚ್ಚುಕಟ್ಟನ್ನು ಪಂಕ್‌ನ ವೇಗಕ್ಕೆ ಒಗ್ಗಿಸಿದ್ದೇ ಅವರ ಸಾಧನೆ.

ಆದರೆ ಈ ಆಲ್ಬಮ್ಮನ್ನು ಅದರ ಕಾಲದ ನೂರಾರು ಬಿರುಸಿನ ಆಲ್ಬಮ್ಮುಗಳಿಂದ ಬೇರ್ಪಡಿಸುವುದು ಫರ್ಗಲ್ ಶಾರ್ಕಿಯ ಕೊರಳು. ಬಾಲ್ಯದಲ್ಲಿ ಐರಿಷ್ ಸಾಂಪ್ರದಾಯಿಕ ಗಾಯನ ಸ್ಪರ್ಧೆಗಳಲ್ಲಿ ಹಾಡಿ ಬಹುಮಾನ ಪಡೆದಿದ್ದ ಶಾರ್ಕಿಯ ದನಿಯಲ್ಲಿ ವೈಬ್ರಾಟೊ, ಅಂದರೆ ಒಂದೇ ಸ್ವರವನ್ನು ಹಿಡಿದು ಸಣ್ಣಗೆ ನಡುಗಿಸುವ ಗುಣ, ಢಾಳಾಗಿದೆ. ಕರ್ನಾಟಕ ಸಂಗೀತದ ಕೇಳುಗರಿಗೆ ಕಂಪಿತ ಗಮಕದ ನೆನಪು ತರಬಹುದಾದರೂ, ಇಲ್ಲಿ ಅದು ರಾಗದ ಸ್ವರೂಪಕ್ಕೆ ಸೇರಿದ್ದಲ್ಲ, ಭಾವದ ಒತ್ತಡದಿಂದ ಹೊಮ್ಮುವಂಥದು. ಪಂಕ್ ಹಾಡುಗಾರರು ಸಾಮಾನ್ಯವಾಗಿ ಕೂಗುತ್ತಾರೆ, ಗದರುತ್ತಾರೆ, ಅಣಕಿಸುತ್ತಾರೆ. ಶಾರ್ಕಿ ಅದೇ ವೇಗದಲ್ಲಿ, ಅದೇ ಗದ್ದಲದ ನಡುವೆ ಹಾಡುತ್ತಾರೆ. ಹುಡುಗಿಯೊಬ್ಬಳು ತಿರುಗಿ ನೋಡಲಿಲ್ಲವೆಂಬ ಅತಿ ಸಾಧಾರಣ ದುಃಖವೂ ಆ ದನಿಯಲ್ಲಿ ಬಂದಾಗ ಅಳುವಿನ ಅಂಚಿಗೆ ಬಂದು ನಿಲ್ಲುತ್ತದೆ. ಬರಹದಲ್ಲಿ ಹಗುರವಾಗಿ ಕಾಣುವ ಸಾಲುಗಳಿಗೆ ಹಾಡಿಕೆಯಲ್ಲಿ ಸಿಗುವ ಈ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಓದೂ ಅಪೂರ್ಣವೇ.

ಈ ತೂಕ ಅತ್ಯಂತ ಸ್ಪಷ್ಟವಾಗಿ ಗೋಚರಿಸುವುದು ‘ಜಿಮ್ಮಿ ಜಿಮ್ಮಿ’ ಎಂಬ ಹಾಡಿನಲ್ಲಿ. ಬ್ರಿಟನ್ನಿನ ಬಿಡಿಹಾಡುಗಳ ಪಟ್ಟಿಯಲ್ಲಿ 16ನೆಯ ಸ್ಥಾನ ಪಡೆದ ಈ ಹಾಡಿನ ಪಲ್ಲವಿ ಕುಣಿಯಲು ಕರೆಯುವಂತಿದ್ದು, ಹುಡುಗನ ಹೆಸರನ್ನು ಎರಡೆರಡು ಸಲ ಕೂಗುವುದರಲ್ಲೇ ಅದರ ಸೆಳೆತವಿದೆ. ಚರಣಗಳು ಹೇಳುವ ಕಥೆ ಬೇರೆ. ತಾಯಿಯ ಮುದ್ದಿನ, ಹೇಳಿದ ಮಾತು ಕೇಳುವ, ಚಿಕ್ಕ ದೇಹದ ಹುಡುಗನೊಬ್ಬ ಯಾರ ಗಮನಕ್ಕೂ ಬಾರದೆ ಒಂದು ದಿನ ಇಲ್ಲವಾಗುತ್ತಾನೆ. ಆಂಬುಲೆನ್ಸ್ ಬಂದು ಅವನನ್ನು ಒಯ್ದದ್ದನ್ನೂ ಯಾರೂ ನೋಡಿರುವುದಿಲ್ಲ. ಅವನಿಗೆ ಏನಾಯಿತೆಂದು ಹಾಡು ಹೇಳುವುದಿಲ್ಲ; ಕಾಯಿಲೆಯೋ, ಮನಸ್ಸಿನ ನೋವೋ, ಬೇರೇನೋ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಅದೇ ಹುರುಪಿನಲ್ಲಿ ಮತ್ತೆ ಅವನ ಹೆಸರನ್ನು ಕೂಗುತ್ತದೆ. ಒಂದೊಂದು ಸಾವಿಗೂ ಪಕ್ಷ, ಧ್ವಜ ಮತ್ತು ಮೆರವಣಿಗೆ ಇದ್ದ ನಗರದಲ್ಲಿ ಯಾವ ಪಕ್ಷಕ್ಕೂ ಬೇಡವಾದ ಒಬ್ಬ ಹುಡುಗನ ಕಣ್ಮರೆಯನ್ನು ಹಾಡಾಗಿಸಿ, ಆ ಹೆಸರನ್ನು ಸಾವಿರಾರು ಜನ ಒಟ್ಟಿಗೆ ಕೂಗುವಂತೆ ಮಾಡಿದ್ದು ಈ ಆಲ್ಬಮ್ಮಿನ ಅತ್ಯುನ್ನತ ಕ್ಷಣ. ಹರ್ಷದ ಧಾಟಿ ಮತ್ತು ದುಃಖದ ಕಥೆ ಇಲ್ಲಿ ಒಂದನ್ನೊಂದು ಅಳಿಸದೆ ಕೊನೆಯವರೆಗೂ ಜೊತೆಯಾಗಿ ಸಾಗುತ್ತವೆ.

ಲಂಡನ್ನಿನ ಈಡನ್ ಸ್ಟುಡಿಯೋದಲ್ಲಿ ಧ್ವನಿಮುದ್ರಣವನ್ನು ನಿರ್ವಹಿಸಿದ ರೋಜರ್ ಬೆಚಿರಿಯನ್ ಅವರ ಪಾತ್ರವೂ ಉಲ್ಲೇಖಾರ್ಹ. ಪ್ರತಿ ವಾದ್ಯವೂ ಬೇರೆಬೇರೆಯಾಗಿ ಕೇಳಿಸುವಷ್ಟು ನಿಚ್ಚಳತೆಯನ್ನು ತಂದರೂ, ಐವರು ಒಂದೇ ಕೋಣೆಯಲ್ಲಿ ನಿಂತು ನುಡಿಸುತ್ತಿರುವ ಒರಟುತನವನ್ನು ಅವರು ಉಜ್ಜಿ ಹಾಕಲಿಲ್ಲ.

ದೋಷಗಳಿಲ್ಲವೆಂದಲ್ಲ. ಆಲ್ಬಮ್ಮಿನಲ್ಲಿ ಹುಡುಗಿಯರ ಬಗ್ಗೆ ಹಾಡುಗಳು ಹಲವಾರಿವೆ, ಆದರೆ ಹುಡುಗಿಯೊಬ್ಬಳು ವ್ಯಕ್ತಿಯಾಗಿ ಎದ್ದು ನಿಲ್ಲುವ ಹಾಡು ಒಂದೂ ಇಲ್ಲ. ಅವರು ಮೆಚ್ಚುತ್ತಾರೆ ಅಥವಾ ತಿರಸ್ಕರಿಸುತ್ತಾರೆ, ನಂಬಿಕೆ ಉಳಿಸಿಕೊಳ್ಳುತ್ತಾರೆ ಅಥವಾ ಕೈಕೊಡುತ್ತಾರೆ. ಹುಡುಗನ ಭಾವಕ್ಕೆ ನಿಮಿತ್ತವಾಗುವುದರಾಚೆಗೆ ಅವರಿಗೆ ಬದುಕಿಲ್ಲ. ಜಿಮ್ಮಿಯ ಮೇಲೆ ತೋರಿದ ಗಮನದ ಒಂದಂಶ ‘ಷೀಸ್ ಎ ರನ್ಅರೌಂಡ್’ ಹಾಡಿನ ಹುಡುಗಿಗೂ ಸಿಕ್ಕಿದ್ದರೆ ಆಲ್ಬಮ್ಮಿನ ಲೋಕ ಇನ್ನಷ್ಟು ಅಗಲವಾಗುತ್ತಿತ್ತು. ಎರಡನೆಯ ಬದಿಯಲ್ಲಿ ಹಾಡುಗಳ ವೇಗವೂ ಮೈಕಟ್ಟೂ ಒಂದೇ ಬಗೆಯಾಗಿ, ಒಂದು ಹಾಡಿನ ಕೊನೆ ಇನ್ನೊಂದರ ಮೊದಲಿನಲ್ಲಿ ಕರಗಿಹೋಗುವ ಸ್ಥಳಗಳೂ ಇವೆ. ಹರೆಯದ ಹಸಿತನವೆಂದು ಇದನ್ನು ಮನ್ನಿಸುವವರಿದ್ದಾರೆ, ಆದರೆ ‘ಜಿಮ್ಮಿ ಜಿಮ್ಮಿ’ಯನ್ನು ಬರೆಯಬಲ್ಲವರಿಗೆ ಅಂಥ ವಿನಾಯಿತಿಯ ಅಗತ್ಯವಿಲ್ಲ.

ರಾಜಕೀಯ ಮೌನದ ಪ್ರಶ್ನೆಗೆ ತಂಡದ ಮುಂದಿನ ನಡೆಯೇ ಬೆಳಕು ಚೆಲ್ಲುತ್ತದೆ. 1981ರಲ್ಲಿ ಉತ್ತರ ಐರ್ಲೆಂಡಿನ ಸೆರೆಮನೆಯಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ವಿರೋಧಿಸುವ ಗಣತಂತ್ರವಾದಿ ಕೈದಿಗಳು ಉಪವಾಸ ಸತ್ಯಾಗ್ರಹ ಹೂಡಿ ಸಾಯುತ್ತಿದ್ದಾಗ ಇದೇ ತಂಡ ‘ಇಟ್ಸ್ ಗೋಯಿಂಗ್ ಟು ಹ್ಯಾಪನ್’ ಹಾಡಿನಲ್ಲಿ ಅದಕ್ಕೆ ಸ್ಪಂದಿಸಿತು. ತಂಡ ಒಡೆದ ನಂತರ ಓನೀಲ್ ಸಹೋದರರಿದ್ದ ದಟ್ ಪೆಟ್ರೋಲ್ ಇಮೋಷನ್ ತಂಡ ಬಹಿರಂಗವಾಗಿ ರಾಜಕೀಯವನ್ನು ಹಾಡಿತು. ಹಾಗಾಗಿ 1979ರ ಮೌನಕ್ಕೆ ಅರಿವಿನ ಕೊರತೆಯಾಗಲಿ ಅಂಜಿಕೆಯಾಗಲಿ ಕಾರಣವಾಗಿರಲಿಲ್ಲ. ಹಾಡಬಲ್ಲವರು ಆ ಘಳಿಗೆಯಲ್ಲಿ ಬೇರೆಯದನ್ನು ಹಾಡಲು ತೀರ್ಮಾನಿಸಿದ್ದರು, ಮತ್ತು ಆ ತೀರ್ಮಾನಕ್ಕೆ ಕಲೆಯ ದೃಷ್ಟಿಯಿಂದ ಪೂರ್ತಿ ಸಮರ್ಥನೆಯಿದೆ.

ಆಲ್ಬಮ್ಮನ್ನು ಯಾವ ಆವೃತ್ತಿಯಲ್ಲಿ ಕೇಳಬೇಕೆಂಬುದೂ ಮೌಲ್ಯಮಾಪನಕ್ಕೆ ಸೇರಿದ ವಿಷಯವೇ. ತಂಡಕ್ಕೆ ಹೆಸರು ತಂದದ್ದು ‘ಟೀನೇಜ್ ಕಿಕ್ಸ್’ ಎಂಬ ಹಾಡು. 1978ರ ಜೂನಿನಲ್ಲಿ ಬೆಲ್‌ಫಾಸ್ಟಿನಲ್ಲಿ ಮುದ್ರಿಸಿಕೊಂಡು, ಟೆರಿ ಹೂಲಿ ಅವರ ಗುಡ್ ವೈಬ್ರೇಷನ್ಸ್ ಎಂಬ ಪುಟ್ಟ ಸಂಸ್ಥೆಯ ಮೂಲಕ ಹೊರತಂದ ಅದನ್ನು ಬಿಬಿಸಿಯ ಜಾನ್ ಪೀಲ್ ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಹಾಕಿದ ಮೇಲೆ, ರಮೋನ್ಸ್ ತಂಡದ ಪ್ರಕಾಶಕರೇ ಆಗಿದ್ದ ಸೈರ್ ಸಂಸ್ಥೆ ಡೆರಿಯ ಹುಡುಗರೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಲ್ಬಮ್ಮಿನ 1979ರ ಮೇ ತಿಂಗಳ ಮೂಲ ಆವೃತ್ತಿಯಲ್ಲಿ ಈ ಹಾಡಿರಲಿಲ್ಲ. ಅಕ್ಟೋಬರಿನಲ್ಲಿ ಹೊಸ ಮುಖಪುಟದೊಂದಿಗೆ ಮರಳಿ ಬಂದ ಆವೃತ್ತಿಯಲ್ಲಿ ಅದನ್ನೂ ಮತ್ತೊಂದು ಬಿಡಿಹಾಡನ್ನೂ ಸೇರಿಸಲಾಯಿತು. ವ್ಯಾಪಾರದ ಲೆಕ್ಕದಲ್ಲಿ ಅದು ಸರಿಯಿದ್ದರೂ ಕೃತಿಯ ಸಮತೋಲ ಅದರಿಂದ ಕದಲಿತು, ಏಕೆಂದರೆ ಅಷ್ಟು ಪ್ರಸಿದ್ಧವಾದ ಹಾಡು ಮೊದಲ ಬದಿಯ ನಡುವೆ ಬಂದೊಡನೆ ಅಕ್ಕಪಕ್ಕದ ಹಾಡುಗಳು ಅದರ ಪರಿವಾರದಂತೆ ಕಾಣತೊಡಗುತ್ತವೆ ಮತ್ತು ‘ಜಿಮ್ಮಿ ಜಿಮ್ಮಿ’ಯ ಕೇಂದ್ರಸ್ಥಾನ ಮಸುಕಾಗುತ್ತದೆ. ಡೆರಿಯ ಬುಲ್ ಪಾರ್ಕಿನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರವನ್ನು ಮುಖಪುಟದಲ್ಲಿ ಹೊತ್ತು ಬಂದ ಮೊದಲ ಆವೃತ್ತಿಯ ಅನುಕ್ರಮವೇ ಈ ಕೃತಿಯ ನಿಜವಾದ ರೂಪವಾಗಿದ್ದು, ಹೊಸ ಕೇಳುಗರು ‘ಟೀನೇಜ್ ಕಿಕ್ಸ್’ ಹಾಡನ್ನು ಬೇರೆಯಾಗಿ ಕೇಳಿ, ಆಲ್ಬಮ್ಮನ್ನು ಅದಿಲ್ಲದೆ ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳುವುದು ಒಳ್ಳೆಯದು.