ಬಿರುದಾವಳಿಯ ಆಚೆ: ಸಂಗೀತಗಾರರ ಕಿರುಚರಿತ್ರೆಗಳು

ಗಾಯಕರ, ವಾದಕರ ಬದುಕನ್ನು ಎರಡು ಮೂರು ಪುಟಗಳಲ್ಲಿ ಹೇಳಿ ಮುಗಿಸುವ ಬರಹಗಳು ಈಗ ಹೇರಳವಾಗಿವೆ. ದೇಶದೇಶಗಳ ಕಲಾವಿದರು ಅವುಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಹುಟ್ಟಿದ ಊರು, ಗುರುವಿನ ಹೆಸರು, ಬಿರುದು, ಮರಣ: ಇಷ್ಟಾದರೆ ಚರಿತ್ರೆ ಮುಗಿಯಿತು. ಪಾಠಶಾಲೆಯಲ್ಲಿ ವರ್ಷಾನುಗಟ್ಟಲೆ ‘ಕಾಲ, ಸ್ಥಳ, ಕೃತಿ, ಬಿರುದು’ ಎಂದು ಟಿಪ್ಪಣಿ ಬರೆಯಿಸಿದ ನನಗೆ ಇದನ್ನು ಆಕ್ಷೇಪಿಸುವ ಅಧಿಕಾರ ತುಸು ಕಡಮೆಯೇ. ಆದರೂ ಕಿರಿದಾದ ಚರಿತ್ರೆ ಬಡವಾಗಿಯೇ ಇರಬೇಕೆಂಬ ನಿಯಮವಿಲ್ಲ. ಹರಿಹರನ ರಗಳೆಯಲ್ಲಿ ಇಳೆಯಾಂಡ ಗುಡಿಮಾರನು, ಬಿತ್ತಿದ ಬೀಜವನ್ನೇ ಮಳೆಯ ಇರುಳಿನಲ್ಲಿ ಬಾಚಿ ತಂದು ಅತಿಥಿಗೆ ಉಣಬಡಿಸುತ್ತಾನೆ. ಆ ಒಂದು ಕ್ರಿಯೆಯಲ್ಲಿ ಅವನ ಬಾಳೆಲ್ಲ ಕಾಣುತ್ತದೆ. ಚರಿತ್ರಕಾರನು ಯಾವ ಕ್ರಿಯೆಯನ್ನು ಆಯ್ದುಕೊಳ್ಳುತ್ತಾನೆಂಬುದೇ ಮುಖ್ಯ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ 1876ರಲ್ಲಿ ಜನಿಸಿದ ಚೆಲ್ಲೊ ವಾದಕ ಪಾಬ್ಲೊ ಕಾಸಲ್ಸ್ ಅವರ ವಿಷಯವನ್ನು ನೋಡಬಹುದು. 1890ರಲ್ಲಿ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಬಾಖ್ ರಚಿಸಿದ ಚೆಲ್ಲೊ ಕೃತಿಗಳ ಪ್ರತಿ ಆ ಹುಡುಗನಿಗೆ ದೊರೆತ ಸಂಗತಿಯನ್ನು ಯಾವ ಲೇಖಕನೂ ಬಿಡುವುದಿಲ್ಲ. ಕಥೆಗೆ ಅದು ಒಪ್ಪುವಂಥದು. ಆದರೆ ಆ ಕೃತಿಗಳೇನೂ ಅಳಿದುಹೋಗಿರಲಿಲ್ಲ. ಅಭ್ಯಾಸದ ಪಾಠಗಳೆಂದು ಮೂಲೆಗೆ ಸರಿದಿದ್ದವು, ಅಷ್ಟೆ. ಕಾಸಲ್ಸ್ ಅವನ್ನು ಸಭೆಯಲ್ಲಿ ನುಡಿಸುವ ಮುನ್ನ ಸುಮಾರು ಹನ್ನೆರಡು ವರ್ಷ ಏಕಾಂತದಲ್ಲಿ ಸಾಧಿಸಿದರು. ಧ್ವನಿಮುದ್ರಿಸಿದ್ದು 1936ರಿಂದ 1939ರ ಅವಧಿಯಲ್ಲಿ. ಅಂಗಡಿಯಲ್ಲಿ ಕಳೆದ ಅರ್ಧಗಳಿಗೆಗೆ ಒಂದು ಪುಟ, ಹನ್ನೆರಡು ವರ್ಷಗಳ ಕಾಯಕಕ್ಕೆ ಒಂದು ವಾಕ್ಯ!

ಒಪ್ಪುವ ಕಥೆ ನಿಜವನ್ನೇ ನುಂಗುವುದೂ ಉಂಟು. ಅಮೆರಿಕದ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ 1937ರ ಸೆಪ್ಟೆಂಬರ್ 26ರಂದು ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ, ಕಾರಿನ ಅಪಘಾತದಿಂದ ಮರಣ ಹೊಂದಿದಳು. ಬಿಳಿಯರ ಆಸ್ಪತ್ರೆ ಬಾಗಿಲು ಮುಚ್ಚಿದ್ದರಿಂದ ರಕ್ತ ಸೋರಿ ಸತ್ತಳೆಂಬ ವದಂತಿ ಅದೇ ವರ್ಷ ಅಚ್ಚಾಯಿತು. ಎಡ್ವರ್ಡ್ ಆಲ್ಬಿಯ ನಾಟಕದಿಂದ ಇನ್ನಷ್ಟು ಹರಡಿತು. 1972ರಲ್ಲಿ ಕ್ರಿಸ್ ಆಲ್ಬರ್ಟ್‌ಸನ್, ಅಪಘಾತದ ಸ್ಥಳದಲ್ಲಿದ್ದ ವೈದ್ಯನನ್ನೇ ವಿಚಾರಿಸಿ ಅವಳ ಚರಿತ್ರೆಯನ್ನು ಬರೆದನು. ಅವಳನ್ನು ನೇರವಾಗಿ ಕಪ್ಪುಜನರ ಆಸ್ಪತ್ರೆಗೇ ಒಯ್ದಿದ್ದರು. ವರ್ಣಭೇದವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆಸ್ಪತ್ರೆಗಳು ಎರಡಾಗಿದ್ದುದೇ ಅದಕ್ಕೆ ಸಾಕ್ಷಿ. ಆದರೂ ಹಳೆಯ ಕಥೆ ಕಿರುಚರಿತ್ರೆಗಳಲ್ಲಿ ಮರಳಿ ಮರಳಿ ತಲೆಯೆತ್ತುತ್ತದೆ. 1923ರಿಂದ ಮುಂದಕ್ಕೆ ಅವಳು ಧ್ವನಿಮುದ್ರಿಸಿದ ಸುಮಾರು 160 ಹಾಡುಗಳಿಗಿಂತ ಅವಳ ಸಾವೇ ಪ್ರಸಿದ್ಧವಾಯಿತು. ಶರಣರ ಚರಿತ್ರೆಗಳಲ್ಲಿ ಪವಾಡಗಳ ಅಡಿಯಿಂದ ಬದುಕನ್ನು ಹೆಕ್ಕಿದವರಿಗೆ ಈ ಕಷ್ಟ ಹೊಸದಲ್ಲ. ಅಂದಹಾಗೆ, ಅವಳ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1970ರಲ್ಲಿ.

ಈಜಿಪ್ಟಿನ ಉಮ್ ಕುಲ್ಸುಮ್ ಅವರ ಜನ್ಮವರ್ಷದಲ್ಲಿಯೇ ಒಮ್ಮತವಿಲ್ಲ. 1898 ಎನ್ನುವವರುಂಟು, 1904 ಎನ್ನುವವರೂ ಉಂಟು. 1975ರಲ್ಲಿ ಅವರ ಅಂತ್ಯಯಾತ್ರೆಗೆ ನೆರೆದ ಜನಸಾಗರವನ್ನು ಎಲ್ಲರೂ ವರ್ಣಿಸುತ್ತಾರೆ. ನನಗೆ ಹೆಚ್ಚಿನದೆನಿಸುವುದು ಬೇರೆ. ನೈಲ್ ನದಿಯ ಮುಖಜಭೂಮಿಯ ಹಳ್ಳಿಯೊಂದರಲ್ಲಿ ಮಸೀದಿಯ ಇಮಾಮರ ಮಗಳಾಗಿ ಅವರು ಕುರಾನ್ ಪಠಣವನ್ನು ಕಲಿತರು. ಗಂಡುಹುಡುಗನ ಉಡುಪು ತೊಟ್ಟು ತಂದೆಯೊಡನೆ ಭಕ್ತಿಗೀತೆಗಳನ್ನು ಹಾಡಿದರು. ಅಕ್ಷರ ಅಕ್ಷರವೂ ಸ್ಫುಟವಾಗಿ ಕೇಳುವ ಅವರ ಉಚ್ಚಾರಣೆಗೆ ಆ ಪಠಣವೇ ತಳಹದಿ. ಮಾತು ರಾಗದಲ್ಲಿ ಮುಳುಗಬಾರದೆಂಬುದು ವಚನಗಾಯನದಲ್ಲಿಯೂ ನಾವು ಅಪೇಕ್ಷಿಸುವ ಗುಣವಷ್ಟೆ. ಅದು ಎಲ್ಲಿಂದ ಬಂತೆಂದು ತಿಳಿಸದ ಚರಿತ್ರೆ, ಕೇಳುವವನ ಕಿವಿಗೆ ಏನನ್ನೂ ಕೊಟ್ಟಂತಾಗಲಿಲ್ಲ.

ನಮ್ಮವರ ವಿಷಯದಲ್ಲಿಯೂ ಇದೇ ಲೋಪ. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಮಿರಜೆಯ ನೀಲಕಂಠಬುವಾ ಅವರಲ್ಲಿ ಕಲಿತು, ಗ್ರಾಮೊಫೋನಿನ ಮೂಲಕ ಹೆಸರಾದ ಮೇಲೆ ಮಂಜೀಖಾನರ ಶಿಷ್ಯರಾದರು. 1937ರಲ್ಲಿ ಆ ಗುರು ತೀರಿಕೊಂಡಾಗ, ಅವರ ತಮ್ಮ ಭೂರ್ಜೀಖಾನರ ಮುಂದೆ ಪುನಃ ವಿದ್ಯಾರ್ಥಿಯಾಗಿ ಕುಳಿತರು. ‘ನನ್ನ ರಸಯಾತ್ರೆ’ ಎಂಬ ಅವರ ಆತ್ಮಕಥನವನ್ನು ಓದಿದವರಿಗೆ ಈ ಗುರುಗಳ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ಅವರ ಕುರಿತ ಕಿರುಲೇಖನಗಳು 1992ರ ಪದ್ಮವಿಭೂಷಣವನ್ನು ಮರೆಯುವುದಿಲ್ಲ. ಭೂರ್ಜೀಖಾನರ ಹೆಸರು ಮಾತ್ರ ಎಷ್ಟೋ ಸಲ ಒಂದು ಅಲ್ಪವಿರಾಮದ ಆಚೆ ಬಂದು ಹೋಗಿರುತ್ತದೆ.